ಮಧುಮೇಹ ಮತ್ತು ಖಿನ್ನತೆ

ಚೆನ್ನೈಯ ಕೋಡಂಬಾಕ್ಕಂ ಹಿರಿಯ ಕನ್ನಡಿಗರಿಗೆ ಅಪರಿಚಿತ ಹೆಸರಲ್ಲ. ಕನ್ನಡ ಚಲನಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಉದ್ಯೋಗವನ್ನರಸಿ ಹೋದ ಕನ್ನಡಿಗರು ಆ ನಗರದಲ್ಲಿ ನೆಲೆಸಿದರು. ಅಂತಹ ಒಂದು ಮನೆಯ ಹಿರಿಯರನ್ನು ಊಹಿಸಿಕೊಳ್ಳೋಣ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಟ್ಟುಕೊಂಡಿದ್ದ ಅವರು ಈಚೆಗೆ ಬೆಳಗಿನ ನಡಿಗೆಯನ್ನು ಬಿಟ್ಟಿದ್ದಾರೆ. ಮಾತ್ರೆಗಳ ಬಗ್ಗೆ ಅಲಕ್ಷ್ಯ. ವೃತ್ತಪತ್ರಿಕೆಯನ್ನೂ ಬಿಡಿಸಿ ನೋಡುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿದೆ. ಮನೆಯವರು ಇದನ್ನು ವಯಸ್ಸಿನ ಹಟವೆಂದು ಭಾವಿಸುತ್ತಾರೆ. ಇದು ಚಿಕಿತ್ಸೆಗೆ ಒಳಪಡುವ ಖಿನ್ನತೆಯೆಂಬ ಕಾಯಿಲೆಯಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ದೀರ್ಘಕಾಲದ ದುಃಖಕ್ಕೂ ಮಧುಮೇಹಕ್ಕೂ ನಂಟುಂಟೆಂದು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 17ನೆಯ ಶತಮಾನದಲ್ಲಿಯೇ ಅಭಿಪ್ರಾಯಪಟ್ಟಿದ್ದನು. ಈ ನಂಟು ಎರಡೂ ದಿಕ್ಕಿನದೆಂಬುದು ಇಂದಿನ ತಿಳಿವಳಿಕೆ. ಮನಸ್ಸು ಬಹುಕಾಲ ಕುಗ್ಗಿದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಬಹುದು. ಇದು ಯಕೃತ್ತಿನಿಂದ ಸಕ್ಕರೆಯನ್ನು ಹೊರಡಿಸುವುದಲ್ಲದೆ ಇನ್ಸುಲಿನ್ನಿನ ಪ್ರಭಾವವನ್ನೂ ತಗ್ಗಿಸುತ್ತದೆ. ಖಿನ್ನತೆಗೆ ಒಳಗಾದವರು ಪಥ್ಯ, ವ್ಯಾಯಾಮ, ಔಷಧಿಗಳನ್ನು ಕಡೆಗಣಿಸುವುದೂ ಸಹಜ. ಇತ್ತ ಮಧುಮೇಹಿಯ ಪಾಡೂ ಹಗುರವಲ್ಲ. ಪ್ರತಿ ತುತ್ತನ್ನೂ ಲೆಕ್ಕ ಹಾಕಬೇಕು, ಮದುವೆ ಮನೆಯಲ್ಲಿ ಹೋಳಿಗೆ ಬೇಡವೆನ್ನಬೇಕು, ಕಣ್ಣು, ಮೂತ್ರಪಿಂಡಗಳಿಗೆ ಏನಾದೀತೋ ಎಂಬ ಭಯವನ್ನು ಹೊರಬೇಕು.

ಕೋಡಂಬಾಕ್ಕಂನಿಂದ ಅನತಿದೂರದ ಗೋಪಾಲಪುರದಲ್ಲಿರುವ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದವರು ಈ ವಿಷಯದಲ್ಲಿ ಗಮನಾರ್ಹ ಕೆಲಸ ಮಾಡಿದ್ದಾರೆ. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಚೆನ್ನೈ ನಗರದ 25,455 ವಯಸ್ಕರನ್ನು ಪ್ರಶ್ನಿಸಲಾಗಿ, ಶೇಕಡಾ 15.1 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಕಂಡುಬಂದವು. ಪುರುಷರಿಗಿಂತ ಸ್ತ್ರೀಯರಲ್ಲಿ, ಉಳ್ಳವರಿಗಿಂತ ಬಡವರಲ್ಲಿ ಪ್ರಮಾಣ ಹೆಚ್ಚಾಗಿತ್ತು. ಖಿನ್ನತೆಯು ಸುಖವಂತರ ಕಾಯಿಲೆಯೆಂಬ ಮಾತಿಗೆ ಆಧಾರವಿಲ್ಲ.

ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟ. ಆಯಾಸ, ನಿದ್ರೆಯ ಏರುಪೇರು, ತೂಕದ ಇಳಿತ ಎರಡರಲ್ಲಿಯೂ ಇರುತ್ತವೆ. ಸಕ್ಕರೆ ಥಟ್ಟನೆ ಇಳಿದಾಗ ಉಂಟಾಗುವ ನಡುಕ, ಬೆವರು, ಎದೆಬಡಿತಗಳನ್ನು ಮನಸ್ಸಿನ ಕಳವಳವೆಂದು ತಪ್ಪಾಗಿ ತಿಳಿಯುವುದೂ ಉಂಟು. ಆದುದರಿಂದ ಎರಡು ಪ್ರಶ್ನೆಗಳನ್ನು ನೇರವಾಗಿ ಕೇಳುವುದು ಲೇಸು: ಕಳೆದ ಎರಡು ವಾರಗಳಲ್ಲಿ ಹಿಂದೆ ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಕುಂದಿದೆಯೇ? ಮನಸ್ಸು ಮಂಕಾಗಿ ಭರವಸೆ ಕಳೆದಂತಾಗಿದೆಯೇ? ಬಹುತೇಕ ದಿನಗಳಲ್ಲಿ ಹೀಗಾಗಿದ್ದರೆ, ಸಕ್ಕರೆಯ ಪರೀಕ್ಷೆಗೆ ಹೋದಾಗ ವೈದ್ಯರಿಗೆ ಇದನ್ನೂ ತಿಳಿಸಬೇಕು. ಅನೇಕರು ಕಾಲಿನ ಉರಿಯನ್ನು ಹೇಳಿಕೊಳ್ಳುತ್ತಾರೆ, ಇದನ್ನು ಮಾತ್ರ ಹೇಳುವುದಿಲ್ಲ.

ಎರಡು ಕಾಯಿಲೆಗಳಿಗೂ ಒಂದೇ ಕಡೆ ಚಿಕಿತ್ಸೆ ದೊರೆತರೆ ಹೇಗೆ? ಚೆನ್ನೈ, ಬೆಂಗಳೂರು, ವಿಶಾಖಪಟ್ಟಣ ಮತ್ತು ದೆಹಲಿಯ ನಾಲ್ಕು ಚಿಕಿತ್ಸಾಲಯಗಳಲ್ಲಿ 404 ರೋಗಿಗಳನ್ನು ಎರಡು ವರ್ಷ ಗಮನಿಸಿದ ಪ್ರಯೋಗವೊಂದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಹಾಯಕರು ಮೊದಲ ವರ್ಷ ರೋಗಿಗಳೊಡನೆ ಸಂಪರ್ಕವಿಟ್ಟುಕೊಂಡು, ತಜ್ಞರ ಸಲಹೆಯನ್ನು ವೈದ್ಯರಿಗೆ ತಲುಪಿಸುತ್ತಿದ್ದರು. ಖಿನ್ನತೆ ಅರ್ಧಕ್ಕರ್ಧ ತಗ್ಗಿ, ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಈ ಗುಂಪಿನಲ್ಲಿ ಶೇಕಡಾ 71.6, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 57.4. ಸಹಾಯಕರು ವೈದ್ಯರಾಗಿರಲಿಲ್ಲವೆಂಬುದು ವೈದ್ಯರ ಕೊರತೆಯಿರುವ ನಮ್ಮ ಊರುಗಳಿಗೆ ಸಮಾಧಾನದ ಸಂಗತಿ.

ಖಿನ್ನತೆಗೆ ಆಪ್ತಸಮಾಲೋಚನೆಯೂ ಔಷಧಿಗಳೂ ಇವೆ. ಕೆಲವು ಔಷಧಿಗಳಿಂದ ತೂಕ ಹೆಚ್ಚಬಹುದು, ರಕ್ತದ ಸಕ್ಕರೆಯಲ್ಲಿ ವ್ಯತ್ಯಾಸವಾಗಬಹುದು. ಆದ್ದರಿಂದ ಮನೋವೈದ್ಯರಿಗೆ ಮಧುಮೇಹದ ವಿಚಾರವನ್ನು ಮೊದಲೇ ಹೇಳಬೇಕು. ಗುಣ ಕಂಡಿತೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಬದುಕು ಸಾಕೆಂಬ ಮಾತು ಬಾಯಲ್ಲಿ ಬಂದರೆ ಅಂತಹವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ದೊರೆಯುವ ಈ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.