ಕಾಲು ಮುರಿದ ಕುದುರೆ ಉಳಿಯುವುದು ಕಷ್ಟವೇಕೆ?

ಪ್ರಶ್ನೆ: ನಾಯಿಗೆ ಕಟ್ಟು ಹಾಕಿ ಗುಣಪಡಿಸುವವರು ಕುದುರೆಗೆ ದಯಾಮರಣ ಕೊಡುವುದೇಕೆ?

ಉತ್ತರ: ಮೂಳೆ ಕೂಡಿಸುವುದಕ್ಕಿಂತ ದೊಡ್ಡ ತೊಡಕು ಉಳಿದ ಕಾಲುಗಳದ್ದು. ಸುಮಾರು 500 ಕಿಲೋ ತೂಕದ ಪ್ರಾಣಿ ವಾರಗಟ್ಟಲೆ ಮಲಗಿರಲಾರದು. ನಿಂತರೆ ಭಾರವೆಲ್ಲ ಗಟ್ಟಿ ಕಾಲಿನ ಮೇಲೆ. ಆಗ ಗೊರಸಿನೊಳಗೆ ರಕ್ತ ಸರಿಯಾಗಿ ಹರಿಯದೆ, ಮೂಳೆಯನ್ನು ಗೊರಸಿಗೆ ಬಿಗಿದಿಡುವ ಪದರ ಕಿತ್ತುಬರುತ್ತದೆ. ಇದೇ ಲ್ಯಾಮಿನೈಟಿಸ್.

ಉದಾಹರಣೆಗೆ, 2006ರ ಕೆಂಟಕಿ ಡರ್ಬಿ ಓಟ ಗೆದ್ದ ಬಾರ್ಬಾರೊ ಎಂಬ ಕುದುರೆ ಎರಡೇ ವಾರದಲ್ಲಿ ಪ್ರೀಕ್‌ನೆಸ್ ಓಟದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಪೆನ್ಸಿಲ್ವೇನಿಯಾದ ವೈದ್ಯರು ಲೋಹದ ಪಟ್ಟಿ, ತಿರುಪುಗಳಿಂದ ಮೂಳೆ ಜೋಡಿಸಿದರು. ಅರಿವಳಿಕೆ ಇಳಿಯುವಾಗ ಒದ್ದಾಡಿ ಮತ್ತೆ ಮುರಿದುಕೊಳ್ಳದಿರಲೆಂದು ರಬ್ಬರ್ ದೋಣಿಯಲ್ಲಿಟ್ಟು ಕೊಳದಲ್ಲಿ ತೇಲಿಸಿದ್ದರು! ಮೂಳೆಯೇನೋ ಕೂಡುತ್ತಾ ಬಂತು. ಆದರೆ ಲ್ಯಾಮಿನೈಟಿಸ್ ಎಡ ಹಿಂಗಾಲನ್ನು ಹಿಡಿಯಿತು. 2007ರ ಜನವರಿ 29ರಂದು ದಯಾಮರಣ ಕೊಡಬೇಕಾಯಿತು. ಆದರೂ ಸಣ್ಣ ಬಿರುಕಾದರೆ ಎಷ್ಟೋ ಕುದುರೆಗಳು ಈಗ ಚೇತರಿಸಿಕೊಳ್ಳುತ್ತವೆ.