ಸಂಪಿಗೆ ಮರದ ಬೇಸಾಯ

ಸಂಪಿಗೆಯು ಮ್ಯಾಗ್ನೋಲಿಯಾ ವರ್ಗಕ್ಕೆ ಸೇರಿದ ನಿತ್ಯಹಸುರಿನ ಮರ. ಮಲೆನಾಡಿನ ಕಾಡುಗಳಲ್ಲಿ ತಾನಾಗಿ ಬೆಳೆಯುವ ಇದನ್ನು ಮೈದಾನ ಸೀಮೆಯಲ್ಲಿಯೂ ದೇವಸ್ಥಾನದ ಆವರಣ, ಬಾವಿಯ ಬಳಿ, ತೋಟದ ಅಂಚುಗಳಲ್ಲಿ ಬೆಳೆಸುವುದುಂಟು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯನ್ನು ಕಂಡವರಿಗೆ ಈ ಮರವು ಎಷ್ಟು ದಪ್ಪ ಬೆಳೆಯಬಲ್ಲದೆಂದು ಹೇಳಬೇಕಾದುದಿಲ್ಲ.

ಬೀಜ ಹಾಕಿದರೂ ಸಂಪಿಗೆ ಹುಟ್ಟುವುದಿಲ್ಲವೆಂದು ಅನೇಕ ರೈತರು ಹೇಳುವರು. ಇದಕ್ಕೆ ಬಹುಮಟ್ಟಿಗೆ ನೆಲವು ಕಾರಣವಲ್ಲ. ರಾಗಿ ಹುರುಳಿಗಳಂತೆ ಈ ಬೀಜವನ್ನೂ ಬಿಸಿಲಲ್ಲಿ ಒಣಗಿಸಿ ಮುಂದಿನ ಮುಂಗಾರಿಗೆಂದು ಕಟ್ಟಿಡುವುದೇ ಕಾರಣ. ಎಣ್ಣೆಯಂಶವುಳ್ಳ ಈ ಬೀಜವು ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ಕಾಯಿ ಬಿರಿದು ಕೆಂಪು ಬೀಜ ಕಾಣಿಸಿದೊಡನೆ, ಹಕ್ಕಿಗಳು ತಿನ್ನುವ ಮೊದಲೇ ಕೊಯ್ಯತಕ್ಕದ್ದು. ಬೀಜದ ಮೇಲಿನ ಕೆಂಪು ತಿರುಳು ಮೊಳಕೆಗೆ ಅಡ್ಡಿ. ಒಂದೆರಡು ದಿನ ನೀರಿನಲ್ಲಿ ನೆನೆಸಿ, ಮರಳಿನೊಡನೆ ಉಜ್ಜಿ ತೊಳೆದು, ನೆರಳಿನಲ್ಲಿ ನೀರಾರಿಸಿ, ಕೂಡಲೇ ಒಟ್ಟುಪಾತಿಯಲ್ಲಿ ಅರ್ಧ ಅಂಗುಲ ಆಳಕ್ಕೆ ಬಿತ್ತಬೇಕು. ಪಾತಿಯ ಮೇಲೆ ಚಪ್ಪರದ ನೆರಳಿರಲಿ. ಮೊಳಕೆಗೆ ಒಂದೂವರೆ ಎರಡು ತಿಂಗಳು ಹಿಡಿಯಬಹುದು. ಹದಿನೈದು ದಿನ ನೋಡಿ, ಬೇಸತ್ತು, ಪಾತಿಯನ್ನು ಅಗೆದು ಸೊಪ್ಪು ಹಾಕುವವರೂ ಇದ್ದಾರೆ!

ಇದರ ಬೇರಿಗೆ ಪೆಟ್ಟು ತಾಗಿದರೆ ಸಸಿ ಚೇತರಿಸಿಕೊಳ್ಳುವುದು ಕಷ್ಟ. ಆದುದರಿಂದ ಎಳೆಯ ಸಸಿಗಳನ್ನು ಬುಟ್ಟಿಗಳಿಗೆ ವರ್ಗಾಯಿಸಿ ಬೆಳೆಸಿ, ಮಳೆಗಾಲದ ಆರಂಭದಲ್ಲಿ ಮಣ್ಣಿನ ಹೆಂಟೆಯೊಡನೆ ನಾಟಿಮಾಡತಕ್ಕದ್ದು. ಆಳವಾದ, ನೀರು ಬಸಿದುಹೋಗುವ ಮಣ್ಣು ಉತ್ತಮ. ಜೌಗಿನಲ್ಲಿ ಬೇರು ಕೊಳೆಯುವುದು. ಎರಡೂವರೆ ಅಡಿ ಗುಣಿಗೆ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿದರೆ ಸಾಕು. ಮೊದಲ ಎರಡು ಮೂರು ಬೇಸಗೆಗಳಲ್ಲಿ ನೀರನ್ನೂ, ದನಕುರಿಗಳಿಂದ ರಕ್ಷಣೆಗೆ ಬೇಲಿಯನ್ನೂ ಒದಗಿಸಬೇಕು.

ಬೀಜದ ಮರ ಹೂ ಬಿಡಲು ಎಂಟು ಹತ್ತು ವರ್ಷಗಳಾಗಬಹುದು. ಹೂವಿನ ವ್ಯಾಪಾರವನ್ನೇ ಉದ್ದೇಶಿಸಿದವರು ಕಸಿಗಿಡಗಳನ್ನು ನೆಡುವುದು ಲೇಸು; ಅವು ಎರಡು ಮೂರು ವರ್ಷಗಳಲ್ಲಿಯೇ ಹೂ ಬಿಡುವುವು.

ಹೂವು ಎಲೆಯ ಕಂಕುಳಲ್ಲಿ ಹುಟ್ಟುವುದು. ರೆಂಬೆಯನ್ನೇ ಮುರಿದು ಹೂ ಕೀಳುವವನು ಮುಂದೆ ಹೂ ಬಿಡುವ ಚಿಗುರನ್ನೂ ಕಳೆದುಕೊಳ್ಳುವನು. ಮರ ಹತ್ತುವುದಕ್ಕಿಂತ, ಉದ್ದನೆಯ ಗಳುವಿನ ತುದಿಗೆ ಕೊಕ್ಕೆಯನ್ನೂ ಬಲೆಯ ಚೀಲವನ್ನೂ ಕಟ್ಟಿ ಬೆಳಗಿನ ತಂಪಿನಲ್ಲಿ ಬಿಡಿಸುವುದು ಮೇಲು. ಬಿಸಿಲೇರಿದ ಮೇಲೆ ಕಿತ್ತ ಹೂವು ಸಂತೆ ಮುಟ್ಟುವಷ್ಟರಲ್ಲಿ ಬಾಡಿ ಕಂದುವುದು. ಅದಕ್ಕೆ ಬೆಲೆ ಬಾರದು.