ಜಾಂಬಿಯ ಪ್ರವಾಸಿಯ ಆರೋಗ್ಯ

ಭೂಪಟವನ್ನು ತೆರೆದು ನೋಡಿ. ಭೂಮಧ್ಯರೇಖೆಯಿಂದ ಉತ್ತರಕ್ಕೆ ನಮ್ಮ ಧಾರವಾಡವು ಎಷ್ಟು ದೂರವೋ, ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಜಾಂಬಿಯ ದೇಶದ ರಾಜಧಾನಿಯಾದ ಲುಸಾಕ ಇದೆ. ಎರಡರ ಅಕ್ಷಾಂಶವೂ ಸುಮಾರು ಹದಿನೈದೂವರೆ ಡಿಗ್ರಿ. ಆದುದರಿಂದ ಅಲ್ಲಿಗೆ ಹೋಗುವ ಕನ್ನಡಿಗನಿಗೆ ಬಿಸಿಲಾಗಲಿ ಮಳೆಯಾಗಲಿ ಹೊಸದಲ್ಲ. ಋತುಗಳು ಮಾತ್ರ ತಿರುವುಮುರುವು. ಅಕ್ಟೋಬರ್ ಅಲ್ಲಿನ ಕಡುಬೇಸಗೆ, ನವೆಂಬರಿನಿಂದ ಮಳೆಗಾಲ, ಜೂನ್-ಜುಲೈ ಚಳಿಗಾಲ. ಆದರೆ ‘ನಮ್ಮೂರಿನಂತೆಯೇ ಇದೆಯಲ್ಲ’ ಎಂದು ಮೈಮರೆಯುವುದು ಸಲ್ಲದು. ನೋಟಕ್ಕೆ ಒಂದೇ ತೆರನಾಗಿರುವ ನೆಲದಲ್ಲಿ ರೋಗಗಳು ಬೇರೆಯಾಗಿರಬಹುದು.

ಡೇವಿಡ್ ಲಿವಿಂಗ್‌ಸ್ಟನ್ನನು 1855ರ ನವೆಂಬರಿನಲ್ಲಿ ಜಾಂಬೆಜಿ ನದಿಯ ಮಹಾಜಲಪಾತವನ್ನು ಕಂಡನು. ಸ್ಥಳೀಯರು ಅದನ್ನು ‘ಮೋಸಿ-ಓಆ-ತುನ್ಯ’, ಎಂದರೆ ಗುಡುಗುವ ಹೊಗೆ, ಎಂದು ಕರೆಯುತ್ತಿದ್ದರು. ಅದೇ ನದಿಯ ದಂಡೆಯಲ್ಲಿ 1862ರಲ್ಲಿ ಅವನ ಪತ್ನಿ ಮಲೇರಿಯದಿಂದ ತೀರಿಕೊಂಡಳು. 1873ರಲ್ಲಿ, ಇಂದಿನ ಜಾಂಬಿಯದ ಚಿತಾಂಬೊ ಎಂಬ ನಾಯಕನ ಹಳ್ಳಿಯಲ್ಲಿ, ಮಲೇರಿಯ ಮತ್ತು ಆಮಶಂಕೆಗಳಿಂದ ಬಳಲಿ ಅವನೂ ಸತ್ತನು. ಅವನು ಸ್ವತಃ ವೈದ್ಯ; ಕ್ವಿನೈನ್ ಬಳಸಿ ಜ್ವರದ ಗುಳಿಗೆಯೊಂದನ್ನು ತಯಾರಿಸಿದ್ದವನು. ಆದರೆ ಆ ಜ್ವರವನ್ನು ತರುವುದು ಸೊಳ್ಳೆಯೆಂಬುದು ಆಗ ಯಾರಿಗೂ ಖಚಿತವಾಗಿರಲಿಲ್ಲ. ಅದರ ನಿರ್ಣಾಯಕ ಸಾಕ್ಷ್ಯವನ್ನು ರೊನಾಲ್ಡ್ ರಾಸ್ 1897ರಲ್ಲಿ ನಮ್ಮ ನೆರೆಯ ಸಿಕಂದರಾಬಾದಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕಂಡನು.

ಜಾಂಬಿಯದಲ್ಲಿ ಮಲೇರಿಯವು ವರ್ಷವಿಡೀ ಇರುತ್ತದೆ, ಮಳೆಗಾಲದಲ್ಲಿ ಹೆಚ್ಚು. ಅಲ್ಲಿನದು ಬಹುತೇಕ ಫಾಲ್ಸಿಪೇರಮ್ ಜಾತಿಯದು, ಮಿದುಳಿಗೆ ಏರಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲುದು. ಹಿಂದೆ ಮನೆಮಾತಾಗಿದ್ದ ಕ್ಲೋರೊಕ್ವಿನ್ ಅಲ್ಲಿ ಕೆಲಸಕ್ಕೆ ಬಾರದು. ಪರಾವಲಂಬಿಯು ಅದನ್ನು ಜಯಿಸಿಬಿಟ್ಟಿದೆ. ಬೇರೆ ಮಾತ್ರೆಗಳುಂಟು. ಯಾವುದು ತಕ್ಕುದೆಂಬುದನ್ನು ವೈದ್ಯರೇ ಹೇಳಬೇಕು. ಹೊರಡುವ ಮುನ್ನವೇ ಆರಂಭಿಸಿ, ಮರಳಿದ ಮೇಲೂ ಅವರು ಹೇಳಿದಷ್ಟು ದಿನ ನುಂಗಬೇಕು. ಊರು ಸೇರಿದೊಡನೆ ಮಾತ್ರೆ ನಿಲ್ಲಿಸುವವರು ಬಹಳ ಮಂದಿ. ಕೊನೆಯ ರಾತ್ರಿ ಕಚ್ಚಿದ ಸೊಳ್ಳೆಯ ಲೆಕ್ಕವನ್ನು ಅವರು ಮರೆತಿರುತ್ತಾರೆ. ಈ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಮುಂಜಾವದವರೆಗೆ. ಆಗ ತುಂಬುತೋಳಿನ ಅಂಗಿ, ಕೀಟನಾಶಕ ಲೇಪಿಸಿದ ಸೊಳ್ಳೆಪರದೆ ಎರಡೂ ಬೇಕು.

ಇನ್ನು ನೀರಿನ ವಿಚಾರ. 2023ರ ಅಕ್ಟೋಬರಿನಲ್ಲಿ ಲುಸಾಕದಲ್ಲಿ ಆರಂಭವಾದ ಕಾಲರಾ ಮರುವರ್ಷ ಅಡಗುವ ಹೊತ್ತಿಗೆ ದೇಶದಲ್ಲಿ ಏಳುನೂರಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ನಗರದ ದೊಡ್ಡ ಕ್ರೀಡಾಂಗಣವನ್ನೇ ಚಿಕಿತ್ಸಾಲಯ ಮಾಡಬೇಕಾಯಿತು. ನೀರನ್ನು ಕುದಿಸಿ ಕುಡಿಯಿರಿ ಎಂದೊಡನೆ ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು: ಲುಸಾಕವು ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿದೆಯಲ್ಲ, ವಾಯುವಿನ ಒತ್ತಡ ತಗ್ಗಿದಂತೆ ಕುದಿಯುವ ಬಿಂದುವೂ ತಗ್ಗುವುದಿಲ್ಲವೆ? ತಗ್ಗುತ್ತದೆ. ಅಲ್ಲಿ ನೀರು ಸುಮಾರು 96 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಬೇಳೆ ಬೇಯಲು ಇದರಿಂದ ತುಸು ತಡವಾದೀತು. ರೋಗಾಣುಗಳಿಗೆ ಮಾತ್ರ ಏನೂ ಲಾಭವಿಲ್ಲ. ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಶುದ್ಧಗೊಳಿಸುವ ಕ್ರಮವಿದೆಯಲ್ಲವೆ? ಶಾಖ ಹೆಚ್ಚಿದಷ್ಟೂ ಬೇಕಾಗುವ ಕಾಲ ಕಡಿಮೆ. ಆದುದರಿಂದ ಒಂದು ನಿಮಿಷ ಮರಳಿಸಿದರೆ ಸಾಕು. ಆಮೇಲೆ ಅಂಗಡಿಯ ಮಂಜುಗಡ್ಡೆಯನ್ನು ಅದರೊಳಕ್ಕೆ ಹಾಕಿದರೆ ಕುದಿಸಿದ ಶ್ರಮ ವ್ಯರ್ಥ. ಭೇದಿ ಹತ್ತಿದರೆ ಲವಣ-ಸಕ್ಕರೆ ದ್ರಾವಣವನ್ನು ಕೂಡಲೇ ಕುಡಿಯುತ್ತ ವೈದ್ಯರನ್ನು ಕಾಣಬೇಕು. ಲೀಟರ್ ಶುದ್ಧ ನೀರಿಗೆ ಆರು ಚಹಾಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು, ಚಮಚೆ ಮಟ್ಟಸವಾಗಿರಲಿ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬಿಸ್ ಇಂತಹ ದ್ರಾವಣದಿಂದಲೇ ಅಸಂಖ್ಯ ಕಾಲರಾ ರೋಗಿಗಳನ್ನು ಉಳಿಸಿದರು.

ಕುಡಿಯದೆಯೇ ಕೆಡುಕು ಮಾಡುವ ನೀರೂ ಉಂಟು. ಕೆರೆ, ಹೊಳೆಗಳ ನಿಧಾನವಾದ ನೀರಿನ ಬಸವನಹುಳುಗಳಲ್ಲಿ ಬೆಳೆಯುವ ಒಂದು ಕ್ರಿಮಿಯು ನೀರಿಗಿಳಿದವನ ಚರ್ಮವನ್ನೇ ಕೊರೆದು ಒಳಹೋಗುತ್ತದೆ. ಗಾಯ ಬೇಕಿಲ್ಲ, ನೋವೂ ಇಲ್ಲ. 1851ರಲ್ಲಿ ಕೈರೋದಲ್ಲಿ ಇದನ್ನು ಕಂಡುಹಿಡಿದ ಬಿಲ್‌ಹಾರ್ಜನ ಹೆಸರಿನಿಂದ ರೋಗಕ್ಕೆ ಬಿಲ್‌ಹಾರ್ಜಿಯ ಎಂಬ ಹೆಸರು. ತಿಳಿನೀರೆಂದು ಈಜಿ ಬಂದವನು ಕೆಲವು ವಾರಗಳ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ಇದಕ್ಕೆ ಗುಣಕಾರಿ. ಈಜದಿರುವುದಕ್ಕೆ ಮೊಸಳೆಯೂ ಸಾಕಷ್ಟು ದೊಡ್ಡ ಕಾರಣವೇ. ದಡದಲ್ಲಿ ಮೇಯುವ ನೀರಾನೆಗೂ ನದಿಗೂ ನಡುವೆ ಮಾತ್ರ ಎಂದೂ ನಿಲ್ಲಬೇಡಿ.

ವನ್ಯಮೃಗಗಳ ಲುವಾಂಗ್ವ ಕಣಿವೆಗೆ ಹೋಗುವವರು ಬಣ್ಣದ ಕಡೆಗೂ ಗಮನವೀಯಬೇಕು. ನಿದ್ರಾರೋಗವನ್ನು ಹರಡುವ ತ್ಸೆತ್ಸೆ ನೊಣಕ್ಕೆ ನೀಲಿ ಮತ್ತು ಕಪ್ಪು ಬಣ್ಣಗಳ ಮೇಲೆ ಬಲು ಆಸೆ. ಆ ಬಣ್ಣದ ಬಟ್ಟೆಗಳನ್ನು ಕಟ್ಟಿ, ಕೀಟನಾಶಕ ಸವರಿ, ಅದನ್ನು ಕೊಲ್ಲುವ ಪದ್ಧತಿಯೇ ಇದೆ. ನೀಲಿ ಅಂಗಿ ತೊಟ್ಟು ಹೋದವನು ತಾನೇ ಅಂತಹ ಬಟ್ಟೆಯಾದಂತೆ! ಇದು ಹಗಲಿನಲ್ಲಿ ಕಚ್ಚುವುದು, ತೆಳುವಾದ ಬಟ್ಟೆಯ ಮೇಲಿಂದಲೂ ಕಚ್ಚುವುದು. ಮಣ್ಣಿನ ಬಣ್ಣದ ದಪ್ಪ ಉಡುಪು ಮೇಲು. ಈ ರೋಗಕ್ಕೆ ಲಸಿಕೆಯಿಲ್ಲ.

ಸಿಂಹಕ್ಕಿಂತ ಹೆಚ್ಚಾಗಿ ಅಂಜಬೇಕಾದುದು ರಾತ್ರಿಯ ರಸ್ತೆಗೆ. ನಮ್ಮಲ್ಲಿಯಂತೆ ಅಲ್ಲಿಯೂ ವಾಹನಗಳು ಎಡಬದಿಯಲ್ಲಿ ಸಾಗುತ್ತವೆ. ಊರಾಚೆ ದೀಪಗಳಿಲ್ಲ, ದನಗಳೂ ಕೆಟ್ಟುನಿಂತ ಲಾರಿಗಳೂ ಅಡ್ಡವಿರುತ್ತವೆ. ಗಂಟೆಗೆ 100 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 28 ಮೀಟರ್. ಚಾಲಕನು ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು, ವಾಹನ ನಿಲ್ಲಲು ಮತ್ತೆ ಐವತ್ತೈದು ಮೀಟರ್: ಒಟ್ಟು 83 ಮೀಟರ್. ತಗ್ಗಿಸಿದ ದೀಪದ ಬೆಳಕು ಚೆನ್ನಾಗಿ ತೋರಿಸುವುದು ಇದರ ಅರ್ಧದಷ್ಟು ದೂರವನ್ನು. ವೇಗವನ್ನು ಅರ್ಧಕ್ಕಿಳಿಸಿದರೆ ಬ್ರೇಕಿನ ದೂರ ಕಾಲು ಭಾಗಕ್ಕಿಳಿಯುತ್ತದೆ. ಸಂಜೆಯೊಳಗೆ ತಂಗುದಾಣ ಸೇರುವುದು ಇನ್ನೂ ಉತ್ತಮ.

ದಾರಿಯಲ್ಲಿ ಹಳದಿಜ್ವರವಿರುವ ದೇಶಕ್ಕೆ ಹೋಗುವುದಿದ್ದರೆ, ಕನಿಷ್ಠ ಹತ್ತು ದಿನ ಮೊದಲೇ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಜೊತೆಯಲ್ಲಿಡಬೇಕು. ಭಾರತದಲ್ಲಿ ಆ ರೋಗವಿಲ್ಲ, ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಧಾರಾಳವಾಗಿದೆ. ಅದಕ್ಕಾಗಿಯೇ ಇಲ್ಲಿಯ ಅಧಿಕಾರಿಗಳು ಪತ್ರವಿಲ್ಲದವನನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸಬಹುದು.

ಮರಳಿ ಬಂದ ಮೇಲೆ ಒಂದು ವಾರಕ್ಕೋ, ಕೆಲವು ತಿಂಗಳಿಗೋ ಜ್ವರ ಬಂದರೆ ಅದನ್ನು ನೆಗಡಿಯದೆಂದು ಬಗೆದು ಮನೆಯಲ್ಲಿ ಮಲಗಬಾರದು. ಅಂದೇ ವೈದ್ಯರ ಬಳಿಗೆ ಹೋಗಿ, ಅವರು ಕೇಳುವ ಮುನ್ನವೇ ‘ನಾನು ಜಾಂಬಿಯದಲ್ಲಿದ್ದು ಬಂದವನು’ ಎಂದು ಹೇಳಿ, ರಕ್ತವನ್ನು ಪರೀಕ್ಷೆಗೆ ಕೊಡಬೇಕು. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ ಮರುದಿನ ಮತ್ತೊಮ್ಮೆ ಕೊಡಬೇಕು.